ಡಾಕ್ಟರೇಟಿಗೆ ಬೋಣಿ

ಅಂದಪ್ಪನವರಿಗೆ ಡಾಕ್ಟರೇಟ್ ಬರುವುದಕ್ಕಿಂತ ಬಹಳ ಮೊದಲೇ ಅವರ ಮನೆಯ ನಾಮಫಲಕಕ್ಕೆ ಅದು ಬಂದುಬಿಟ್ಟಿತ್ತು. ಪಿಎಚ್.ಡಿ.ಗೆ ನೋಂದಣಿಯಾದ ವಾರದಲ್ಲೇ, ಸಂತೋಷ ಹೊಟ್ಟೆಯೊಳಗೆ ನಿಲ್ಲದೆ, ಕೊಪ್ಪಳಕ್ಕೆ ಹೋಗಿ ಹಿತ್ತಾಳೆಯ ತಗಡಿನ ಮೇಲೆ 'ಡಾ. ಅಂದಪ್ಪ, ವಾಣಿಜ್ಯಶಾಸ್ತ್ರ ಪ್ರಾಧ್ಯಾಪಕರು' ಎಂದು ಕೆತ್ತಿಸಿಕೊಂಡು ಬಂದಿದ್ದರು. ಪದವಿ ಬಂದ ಮೇಲೆ ಕೆತ್ತಿಸಿದರೆ ಹಿತ್ತಾಳೆಯ ರೇಟು ಏರಿರುತ್ತದೆ ಎಂಬುದು ಅವರ ವಾಣಿಜ್ಯಶಾಸ್ತ್ರದ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಹಿತ್ತಾಳೆಯ ರೇಟು ಏರುತ್ತಲೇ ಹೋಯಿತು. ಪದವಿ ಮಾತ್ರ ಬರಲಿಲ್ಲ.

ಎಷ್ಟು ಕಾಲ ಬರಲಿಲ್ಲವೆಂದರೆ, ಅವರಿಗೆ ದಾರಿ ತೋರಿಸಬೇಕಾಗಿದ್ದ ಮೊದಲ ಗೈಡು ನಿವೃತ್ತರಾಗಿ ಮೊಮ್ಮಕ್ಕಳಿಗೆ ದಾರಿ ತೋರಿಸತೊಡಗಿದರು. ಎರಡನೆಯವರು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರು. (ಅಂದಪ್ಪನವರಿಂದ ತಪ್ಪಿಸಿಕೊಳ್ಳಲಿಕ್ಕೇ ಹೋದರು ಎಂದು ಹೇಳುವವರಿದ್ದಾರೆ, ನಾವು ನಂಬುವುದು ಬೇಡ.) ಮೂರನೆಯ ಗೈಡಾಗಿ ಬಂದವರು ಡಾ. ರಜಿಯಾಬೇಗಂ. ಬಿ.ಕಾಂ.ನಲ್ಲಿ ಅಂದಪ್ಪನವರೇ ಪಾಠ ಹೇಳಿದ, ಜಮಾ ಖರ್ಚು ಎರಡೂ ಬದಿ ಹೊಂದಿಸಲಿಲ್ಲವೆಂದು ಒಂದು ತಾಸು ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗಿ. ಆಕೆ ಈಗಲೂ ಅವರನ್ನು 'ಸರ್ರ' ಎಂದೇ ಕರೆಯುತ್ತಿದ್ದರು. ಅದೇ ಗೌರವದಿಂದ, "ಸರ್ರ, ತಪ್ಪು ತಿಳಕೋಬ್ಯಾಡ್ರಿ, ಈ ಅಧ್ಯಾಯ ಹರದು ಒಗೀರಿ" ಎನ್ನುತ್ತಿದ್ದರು.

ಇತ್ತ ನಾಮಫಲಕವನ್ನು ಅಂದಪ್ಪನವರ ಹೆಂಡತಿ ಶಿವಲೀಲಾ ಮೊಸರಿನ ಗಡಿಗೆಗೆ ಮುಚ್ಚಳ ಮಾಡಿದ್ದರು. ಅಂದಪ್ಪನವರು ಆಕ್ಷೇಪಿಸಿದಾಗ, "ಗೋಡಿಗೆ ಹಾಕೂ ಹಂಗಿಲ್ಲ, ಗುಜರಿಗೆ ಹಾಕಾಕ ನೀವು ಬಿಡಂಗಿಲ್ಲ. ಇಲ್ಲಿ ಕುಂತು ಬೆಕ್ಕಾರ ಕಾಯಲಿ. ಡಾಕ್ಟರು ಅಂದ್ರ ಸೂಜಿ ಚುಚ್ಚತಾರ ಅಂತ ಬೆಕ್ಕೂ ಹತ್ರ ಬರವಲ್ದು" ಎಂದು ಬಾಯಿ ಮುಚ್ಚಿಸಿದ್ದರು.

ಹೀಗಿರುವಾಗ ವಿಶ್ವವಿದ್ಯಾಲಯದಿಂದ ಕೊನೆಯ ಎಚ್ಚರಿಕೆ ಬಂತು. ಯುಗಾದಿಯ ಹಿಂದಿನ ಸೋಮವಾರದೊಳಗೆ ಮಹಾಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು. ಇನ್ನು ಕಾಲಾವಕಾಶವಿಲ್ಲ. ಅದನ್ನು ಓದಿದ ಅಂದಪ್ಪನವರು ಹೆಗಲ ಮೇಲಿನ ಟವೆಲನ್ನು ಕೊಡವಿ, ಗಡಿಗೆಯ ಮೇಲಿನ ಫಲಕದ ಮೇಲೆ ಕೈಯಿಟ್ಟು ಶಪಥ ಮಾಡಿದರು: "ಯುಗಾದಿಗೆ ಈ ಹಿತ್ತಾಳಿ ಗ್ವಾಡಿ ಏರತೈತಿ. ಇಲ್ಲಾಂದ್ರ ನಾ ಅಂದಪ್ಪನ ಅಲ್ಲ."

"ಹಂಗಾದ್ರ ಕೆತ್ತಿಸಿದ್ದು ಪೂರ್ತಿ ದಂಡ ಆಗತೈತಿ" ಎಂದರು ಶಿವಲೀಲಾ. "ಮೊದಲ ಕೈ ತಗೀರಿ, ಮೊಸರಿಗೆ ಟವೆಲ್ಲಿನ ಧೂಳ ಬೀಳತೈತಿ."

ಅಂದಪ್ಪನವರ ಸಂಶೋಧನೆಯ ವಿಷಯ, 'ಕುಷ್ಟಗಿ ತಾಲೂಕಿನ ವಾರದ ಸಂತೆಗಳ ಚಿಲ್ಲರೆ ವ್ಯಾಪಾರಿಗಳ ಬೆಲೆ ನಿರ್ಧಾರ ಪದ್ಧತಿ: ಒಂದು ವಿಶ್ಲೇಷಣಾತ್ಮಕ ಅಧ್ಯಯನ.' (ಇದನ್ನು ಒಂದೇ ಉಸಿರಿನಲ್ಲಿ ಹೇಳಿದವರಿಗೆ ಅರ್ಧ ಪದವಿ ಅಲ್ಲೇ ಕೊಡಬಹುದು.) ಇಷ್ಟು ವರ್ಷ ಅವರು ಸಂತೆಯ ಬಗ್ಗೆ ಮನೆಯಲ್ಲಿ ಕುಳಿತೇ ಬರೆದಿದ್ದರು. ರಜಿಯಾಬೇಗಂ ಫೋನಿನಲ್ಲಿ ಅದಕ್ಕೆ ಮಂಗಳ ಹಾಡಿದರು.

"ಸರ್ರ, ನೀವ ಸಂತಿಗೆ ಹೋಗ್ರಿ. ಬೆಳಗ್ಗಿ ಜಲ್ದಿ ಹೋಗ್ರಿ, ಗದ್ದಲ ಆಗೂ ಮೊದಲ. ಆವಾಗ ಅವ್ರಿಗೆ ಮಾತಾಡಾಕ ಪುರಸೊತ್ತು ಇರತೈತಿ. ಅವ್ರು ಹೇಳಿದ್ದನ್ನ ಹೇಳಿದಂಗ ಬರಕೊಳ್ರಿ, ನಿಮ್ಮ ಉಪ್ಪು ಖಾರ ಹಾಕಬ್ಯಾಡ್ರಿ. ಮತ್ತ ಉತ್ತರ ಕೊಟ್ಟವ್ರಿಗೆ ಏನೂ ಕೊಡಬ್ಯಾಡ್ರಿ, ಅವ್ರ ಹತ್ರ ಏನೂ ಕೊಳ್ಳಬ್ಯಾಡ್ರಿ. ಸಂಶೋಧಕ ದೂರ ನಿಂತು ನೋಡಬೇಕು."

ವಿದ್ಯಾರ್ಥಿನಿಯ ಮಾತು ಗುರುವಿಗೆ ವೇದವಾಕ್ಯವಾಯಿತು. ಮುಂದಿನ ಸಂತೆಯ ದಿನ ಕೋಳಿಗಿಂತ ಮೊದಲು ಎದ್ದು, ಬಗಲಲ್ಲಿ ಪ್ರಶ್ನಾವಳಿಯ ಕಟ್ಟು ಇಟ್ಟುಕೊಂಡು, ಮೊದಲ ಬಸ್ಸಿಗೆ ಅಂದಪ್ಪನವರು ತಾವರಗೇರಾದ ಸಂತೆಗೆ ಬಂದಿಳಿದರು. ಸಂತೆ ಆಗಷ್ಟೇ ಕಣ್ಣು ಬಿಡುತ್ತಿತ್ತು. ಬದನೆಕಾಯಿಯ ಗುಡ್ಡೆಯ ಹಿಂದೆ ಕುಳಿತಿದ್ದ ಹುಲಗೆಮ್ಮ ಎಂಬಾಕೆ ಅವರ ಕಣ್ಣಿಗೆ ಮೊದಲು ಬಿದ್ದಳು.

"ಯವ್ವಾ, ಬದನಿಕಾಯಿ ಹೆಂಗ ಕಿಲೋ?" ಎಂದು ಅಂದಪ್ಪನವರು ಪೆನ್ನಿನ ಟೋಪಿ ತೆಗೆದರು.

"ನೀವು ಕೇಳಿದಂಗ ಕೊಡೂದ್ರಿ. ಬೋಣಿ ಐತಿ."

"ನಾ ತಗೊಳಾಕ ಬಂದಿಲ್ಲವಾ. ತಿಳಕೊಳಾಕ ಬಂದೀನಿ."

"ಬದನಿಕಾಯಾಗ ತಿಳಕೊಳೂದು ಏನೈತ್ರಿ ಸರಾ? ಹುಳಾ ಇಲ್ಲ. ಎಷ್ಟು ಹಾಕ್ಲಿ?"

"ಸಂಶೋಧನಾ ಮಾಡಾಕತ್ತೀನಿ. ತಗೊಂಡ್ರ ಗಿರಾಕಿ ಆಗತೀನಿ. ಗಿರಾಕಿ ಆದ್ರ ಸಂಶೋಧನಾ ಮೈಲಿಗಿ ಆಗತೈತಿ."

ಹುಲಗೆಮ್ಮನ ಕೈಯಲ್ಲಿ ತೂಗಾಡುತ್ತಿದ್ದ ತಕ್ಕಡಿ ನಿಂತಿತು. ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಮೊದಲು ಬಂದವನು ಬೆಲೆ ಕೇಳಿ ಬರಿಗೈಯಲ್ಲಿ ಹೋದರೆ ಸೂರ್ಯ ಮುಳುಗುವವರೆಗೆ ಆ ಗುಡ್ಡೆಯ ಹತ್ತಿರ ನೊಣವೂ ಸುಳಿಯುವುದಿಲ್ಲ ಎಂಬುದು ಸಂತೆಯ ಶಾಸ್ತ್ರ. ಈ ಶಾಸ್ತ್ರ ಅಂದಪ್ಪನವರಿಗೆ ತಿಳಿಯದ್ದೇನಲ್ಲ. ಆದರೆ ಗೈಡು ಬೆಳಗ್ಗೆ ಹೋಗೆಂದಾಗ ಅವರಿಗೆ ವಾಣಿಜ್ಯಶಾಸ್ತ್ರ ಒಂದೇ ನೆನಪಿತ್ತು.

"ಅಲ್ರಿ ಸರಾ," ಎಂದಳು ಹುಲಗೆಮ್ಮ ಅಕ್ಕಪಕ್ಕದವರಿಗೂ ಕೇಳುವಂತೆ, "ನೀವು ತಗೊಂಡ್ರ ನಿಮ್ಮ ಅದೇನೋ ಮೈಲಿಗಿ ಆಗತೈತಿ. ತಗೊಳ್ಳದ ಹೋದ್ರ ನನ್ನ ಸಂತಿ ಮುರೀತೈತಿ. ನಿಮ್ಮದು ಹಾಳಿ, ನನ್ನದು ಹೊಟ್ಟಿ. ನೀವ ಹೇಳ್ರಿ."

ಉಳ್ಳಾಗಡ್ಡಿಯವರು, ಮೆಣಸಿನಕಾಯಿಯವರು, ಚುರುಮುರಿಯವರು ಎಲ್ಲರೂ ತಿರುಗಿ ನೋಡಿದರು. ಅಷ್ಟು ಕಣ್ಣುಗಳ ಮುಂದೆ ಸಂಶೋಧಕ ದೂರ ನಿಲ್ಲುವುದು ಹೇಗೆ? ಅಂದಪ್ಪನವರು ಒಂದು ಕಿಲೋ ಬದನೆಕಾಯಿ ಕೊಂಡರು. ಹುಲಗೆಮ್ಮ ನೋಟನ್ನು ಕಣ್ಣಿಗೊತ್ತಿ, ತಕ್ಕಡಿಗೆ ಮುಟ್ಟಿಸಿ, ಸಂಚಿಗೆ ಇಳಿಬಿಟ್ಟು, "ಈಗ ಕೇಳ್ರಿ, ಏನ ಕೇಳ್ತೀರಿ" ಎಂದು ಕಾಲು ಚಾಚಿ ಕುಳಿತಳು.

"ನಿಮ್ಮ ಮನಿ ಯಜಮಾನ್ರ ಉದ್ಯೋಗ?" ಇದು ಪ್ರಶ್ನಾವಳಿಯಲ್ಲಿ ಹೆಸರಿನ ನಂತರದ ಪ್ರಶ್ನೆ.

"ಕಟ್ಟಿ ಮ್ಯಾಲ ಕುಂದರೂದು."

"ಅಂದ್ರ ನಿರುದ್ಯೋಗಿ?"

"ಇಲ್ರಿ, ಪುರಸೊತ್ತ ಇಲ್ಲದ ಕುಂದರತಾನ. ನಾ ಹೇಳಿದಂಗ ಬರಕೊಳ್ರಿ."

ಹೇಳಿದಂತೆ ಬರೆಯಬೇಕೆಂದು ಗೈಡಿನ ಆಜ್ಞೆ ಇದ್ದುದರಿಂದ ಅಂದಪ್ಪನವರು ಹಾಗೆಯೇ ಬರೆದುಕೊಂಡರು.

ಅಲ್ಲಿಂದ ಅವರು ಎದ್ದು ತಪ್ಪಿಸಿಕೊಳ್ಳಬೇಕು, ಅಷ್ಟರಲ್ಲಿ ಪಕ್ಕದ ಹಗ್ಗದಂಗಡಿಯ ಚಾಂದಸಾಬ ಅಡ್ಡ ಬಂದ.

"ಆಕಿಗೆ ಬೋಣಿ ಮಾಡಿದ್ರಿ. ನನ್ನ ಮಾರಿ ನೋಡಿ ಹಂಗ ಹೊಂಟ್ರ ನಾ ಏನ ಪಾಪ ಮಾಡೀನ್ರಿ ಸರಾ?"

"ಸಾಹೇಬ್ರ, ನಮ್ಮ ಮನ್ಯಾಗ ದನಾ ಇಲ್ಲ."

"ಹಗ್ಗಾ ಇದ್ರ ದನಾ ಯಾವತ್ತಾರ ಬರತಾವ್ರಿ. ದನಾ ಬಂದ ಮ್ಯಾಲ ಹಗ್ಗಾ ಹುಡುಕಾಕ ಹೋದ್ರ ಅವು ಎಲ್ಲಿ ನಿಂದರತಾವ?"

ಈ ತರ್ಕಕ್ಕೆ ಯಾವ ಪಠ್ಯಪುಸ್ತಕದಲ್ಲಿಯೂ ಉತ್ತರವಿಲ್ಲದ ಕಾರಣ ಅಂದಪ್ಪನವರು ಒಂದು ಮೂಗುದಾರ ಕೊಂಡರು. ಪ್ರಶ್ನಾವಳಿಗೆ ಉತ್ತರ ಸಿಕ್ಕಿತು. ಆಮೇಲೆ ಸಾಲು ಹಿಡಿದು ನಡೆದರು. ಪ್ರಶ್ನೆ ಕೇಳಿದಲ್ಲೆಲ್ಲ ಬೋಣಿ, ಬೋಣಿ ಆದಲ್ಲೆಲ್ಲ ಉತ್ತರ. ಸಂಶೋಧನೆ ಮೈಲಿಗೆಯಾದರೂ ಮುಂದಕ್ಕೆ ಸಾಗುತ್ತಿದೆಯಲ್ಲ ಎಂದು ಹಲ್ಲು ಕಚ್ಚಿಕೊಂಡರು. ಅಂದು ಮಧ್ಯಾಹ್ನ ಕುಷ್ಟಗಿಯಲ್ಲಿ ಅವರು ಇಳಿದ ಬಸ್ಸನ್ನು ನೋಡಿದವರು, ಯಾರದೋ ಮದುವೆಯ ಸಾಮಾನು ಬಂತೆಂದುಕೊಂಡರಂತೆ.

ಶಿವಲೀಲಾ ಬಾಗಿಲಲ್ಲೇ ನಿಂತಿದ್ದರು. "ಡಾಟಾ ತರ್ತೀನಿ ಅಂತ ಹೋಗಿದ್ರಿ."

"ತಂದೀನಿ. ತಳದಾಗ ಐತಿ."

ಶಿವಲೀಲಾ ಬದನೆಕಾಯಿ ತೆಗೆದರು, ಮೊರ ತೆಗೆದರು, ಮೂರು ಊರಿನ ಮೂರು ಬಗೆಯ ಕಸಬರಿಗೆ ತೆಗೆದರು. ಕೊನೆಗೆ ಮೂಗುದಾರವನ್ನು ಎತ್ತಿ ಹಿಡಿದು, ಅದನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದರು.

"ಇದು ಯಾರಿಗೆ?"

"ಹಂಗ, ಒಂದು ಇರಲಿ ಅಂತ."

"ಅಳತಿ ಸರಿ ಹೊಂದತೈತಿ. ಇರಲಿ ಬಿಡ್ರಿ" ಎಂದು ಶಿವಲೀಲಾ ಅದನ್ನು ಮೊಳೆಗೆ ತಗುಲಿಹಾಕಿದರು.

ಇಲ್ಲಿಗೆ ನಿಂತಿದ್ದರೆ ಈ ಕಥೆ ಹೇಳುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಅಂದು ಹುಲಗೆಮ್ಮನ ಬದನೆಕಾಯಿ ಹೊತ್ತು ಏರುವುದರೊಳಗೆ ಖಾಲಿಯಾಗಿತ್ತು. ಚಾಂದಸಾಬನ ಹಗ್ಗಕ್ಕೆ ಹನುಮಸಾಗರದ ಕಡೆಯ ಒಬ್ಬ ರೈತ ಬಂದು ಗಾಡಿಗಟ್ಟಲೆ ಬೇಕೆಂದನಂತೆ. (ಗಾಡಿಗಟ್ಟಲೆ ಹಗ್ಗ ಒಯ್ದು ಅವನು ಊರನ್ನೇ ಕಟ್ಟಿಹಾಕಿದನೋ ಏನೋ, ಯಾರೂ ವಿಚಾರಿಸಲಿಲ್ಲ.) ಸುದ್ದಿ ಸಂತೆಯ ತುಂಬ ಹಬ್ಬಿತು: ಕುಷ್ಟಗಿಯ ಸರ್ ಅವರ ಕೈಗುಣ ದೊಡ್ಡದು, ಅವರು ಬೋಣಿ ಮಾಡಿದರೆ ಮಣ್ಣೂ ಮಾರಿಹೋಗುತ್ತದೆ.

ಮುಂದಿನ ಸಂತೆಯ ದಿನ ಅಂದಪ್ಪನವರು ಬಸ್ಸಿನಿಂದ ಇಳಿದಾಗ ಅವರನ್ನು ಎದುರುಗೊಳ್ಳಲು ಜನ ನಿಂತಿದ್ದರು. ಅವರು ಬರುವವರೆಗೆ ಕೆಲವರು ತಕ್ಕಡಿಯನ್ನೇ ಎತ್ತಿರಲಿಲ್ಲ. ಬಂದ ಗಿರಾಕಿಗಳಿಗೆ, "ತಡೀರಿ, ಬೋಣಿ ಸರ್ ಬರಲಿ" ಎಂದು ಕೂರಿಸಿದ್ದರು. "ಸರಾ, ನಮ್ಮ ಕಡೆ ಮೊದಲ", "ಸರಾ, ನೀವು ಕೊಟ್ಟಷ್ಟ ಕೊಡ್ರಿ, ಬರೇ ಕೈ ಮುಟ್ಟಿಸ್ರಿ" ಎಂದು ಎಳೆದಾಡಿದರು. ಕಾಲೇಜಿನಲ್ಲಿ ಹಾಜರಿ ಕೂಗಿದರೂ ತಲೆ ಎತ್ತದ ಹುಡುಗರನ್ನೇ ಕಂಡಿದ್ದ ಅಂದಪ್ಪನವರಿಗೆ ಈ ಗೌರವ ಬೆಲ್ಲದಂತೆ ರುಚಿಸಿತು. ಸಂಶೋಧಕ ದೂರ ನಿಲ್ಲಬೇಕು ಎಂಬುದನ್ನು ಬಸ್ಸಿನಲ್ಲೇ ಬಿಟ್ಟು, ಮದುಮಗನಂತೆ ನಡೆದು ಬೋಣಿಯ ಮೇಲೆ ಬೋಣಿ ಮಾಡಿದರು. ನವಲಿಯಿಂದ ಬಂದ ಒಬ್ಬ ಅಜ್ಜ ಕೈಮುಗಿದಿದ್ದಕ್ಕೆ ಕರಗಿ ಅವನಿಂದ ಒಂದು ಹುಂಜವನ್ನು ಸಹ ಕೊಂಡರು. ಉಳ್ಳಾಗಡ್ಡಿ ಹೆಚ್ಚುವಾಗಲೂ 'ಶಿವ ಶಿವ' ಎನ್ನುವ ಮನೆ ಅವರದು. ಆ ಹುಂಜ ತನ್ನ ಜೀವಕ್ಕೆ ಇಲ್ಲಿ ಅಪಾಯವಿಲ್ಲವೆಂದು ಮೊದಲ ದಿನವೇ ತಿಳಿದು, ದೇವರ ಮನೆಯ ಹೊಸ್ತಿಲ ಮೇಲೆ ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿತು.

ವಾರಗಳು ಉರುಳಿದವು. ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಅಡುಗೆಮನೆಗೆ ಹೋಗಬೇಕಾದರೆ ಬುಟ್ಟಿಗಳ ಘಾಟಿ ಹತ್ತಿ ಇಳಿಯಬೇಕು. ಗಂಡ ಹೆಂಡತಿ ಗಡಿಗೆಗಳ ಆಚೆ ಈಚೆ ನಿಂತು, ಹೊಳೆಯ ಎರಡು ದಡದವರಂತೆ ಕೂಗಿ ಮಾತಾಡಬೇಕು.

"ನನ್ನ ಕೈಗುಣಕ್ಕ ಅಲ್ಲಿ ಜನ ಕೈ ಮುಗೀತಾರ, ಗೊತ್ತೇನು?" ಎಂದು ಆಚೆ ದಡದಿಂದ ಅಂದಪ್ಪನವರು.

"ನಿಮ್ಮ ಕೈಗುಣ ನನಗ ಗೊತ್ತಿಲ್ಲೇನು?" ಎಂದು ಈಚೆ ದಡದಿಂದ ಶಿವಲೀಲಾ. "ಮಿಕ್ಸರಿಗೆ ಕೈ ಹಚ್ಚಿದ್ರಿ, ಮೂಲಿ ಹಿಡೀತು. ನಳಾ ಮುಟ್ಟಿದ್ರಿ, ಓಣಿಗೆಲ್ಲ ನೀರು ಬಂತು, ನಮಗಷ್ಟ ನಿಂತಿತು. ನನ್ನ ಕೈ ಹಿಡದ್ರಿ, ನಾ ಇಲ್ಲಿ ಮೊರದ ಸಂದ್ಯಾಗ ನಿಂತೀನಿ."

ಮಾತಿಗಿಂತ ಕೃತಿ ಮೇಲೆಂದು ನಂಬಿದ ಹೆಣ್ಣುಮಗಳು ಶಿವಲೀಲಾ. ಮರುದಿನ ಮನೆಯ ಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿ, ಎಲ್ಲವನ್ನೂ ಹರವಿ ಕುಳಿತರು. ಪಕ್ಕದ ಮನೆಯ ಖೈರುನಬಿ ಮೊದಲು ಬಂದು ಹುಂಜವನ್ನು ಕೊಂಡು, ಓಣಿಯ ನಿದ್ದೆಗೇಡನ್ನೂ ಹುಂಜದ ಅಹಂಕಾರವನ್ನೂ ಒಟ್ಟಿಗೇ ಬಗೆಹರಿಸಿದಳು. 'ಬೋಣಿ ಸರ್ ಮುಟ್ಟಿದ ಮಾಲು' ಎಂದು ತಿಳಿದದ್ದೇ ತಡ, ಯಲಬುರ್ಗಾದಿಂದ ಬೀಗರ ಮನೆಗೆ ಬಂದವರೂ ಒಂದೊಂದು ಕಸಬರಿಗೆ ಒಯ್ದರು. ಅಂದಪ್ಪನವರು ತರುವುದು, ಶಿವಲೀಲಾ ಮಾರುವುದು, ಹೀಗೆ ಸಾಗಿತು. ಅಂದಪ್ಪನವರ ಕಣ್ಣು ಮಾತ್ರ ಮಹಾಪ್ರಬಂಧದ ಮೇಲಿತ್ತು. ಅವರು ಹಗಲಿರುಳು ಬರೆದರು, ಬೆರಳು ಬಾವು ಬಂದರೂ ಬರೆದರು, ಗಡುವಿನ ಸೋಮವಾರಕ್ಕೆ ಇನ್ನೂ ಒಂದು ವಾರ ಇರುವಂತೆಯೇ ಬರೆದು ಮುಗಿಸಿ ರಜಿಯಾಬೇಗಂ ಅವರಿಗೆ ಕಳಿಸಿದರು.

ಫೋನು ಬಂದದ್ದು ಶನಿವಾರ ಸಂಜೆ.

"ಸರ್ರ, ತಪ್ಪು ತಿಳಕೋಬ್ಯಾಡ್ರಿ."

ಯಾವ ಅಧ್ಯಾಯ ಹರಿಯಬೇಕೋ ಬರೆದುಕೊಳ್ಳೋಣವೆಂದು ಅಂದಪ್ಪನವರು ಪೆನ್ನು ಹಾಳೆ ಎಳೆದುಕೊಂಡರು.

"ನೀವು ಕೇಳಿದ ಅಷ್ಟೂ ವ್ಯಾಪಾರಸ್ಥರು, 'ಗಿರಾಕಿ ಕೇಳಿದ್ದಕ್ಕ ಕೊಡತೀವಿ, ಲಾಭ ನೋಡಂಗಿಲ್ಲ' ಅಂದಾರ. ಇದನ್ನ ಓದಿದವ್ರು ತಾವರಗೇರಾದಾಗ ಸಂತಿ ನಡಿಯಂಗಿಲ್ಲ, ದಾಸೋಹ ನಡೀತೈತಿ ಅಂತ ತಿಳೀತಾರ. ನಿಮ್ಮ ಕೈಗುಣದ ಸುದ್ದಿ ನನ್ನ ತನಕಾ ಬಂದೈತಿ. ಇದು ಬೆಲಿ ಅಲ್ರಿ ಸರ್ರ, ಬೋಣಿ. ನಿಮ್ಮ ಕೈಗುಣ ನಂಬಿದವ್ರು ನಿಮಗ ಹೇಳಿದ ಬೆಲಿ."

"ಈಗ ಏನ ಮಾಡೂದವಾ?"

"ನೀವ ಕಲಿಸಿದ್ದು ಹೇಳತೀನ್ರಿ. ಎರಡೂ ಬದಿ ಹೊಂದಬೇಕು. ಇಲ್ಲಿ ಎಲ್ಲಾ ಒಂದ ಬದಿಗೆ ಐತಿ. ನಿಮ್ಮ ಕೈಗುಣ ನಂಬಲಾರದ ಒಬ್ಬರ, ಒಬ್ಬರ ವ್ಯಾಪಾರಸ್ಥರನ್ನ ಹಿಡೀರಿ. ಪೂರಾ ಪ್ರಶ್ನಾವಳಿ ಕೇಳಿ, ಅವ್ರ ಮ್ಯಾಲ ಒಂದು ಅಧ್ಯಾಯ ಬರೀರಿ. ಸೋಮವಾರ ನಾ ಸಹಿ ಮಾಡತೀನಿ. ಇಲ್ಲಾಂದ್ರ ನನ್ನ ಕೈಲೆ ಆಗಂಗಿಲ್ರಿ."

ಒಂದು ಕಾಲದಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗಿ ಈಗ ಅವರನ್ನು ಎಲ್ಲಿ ನಿಲ್ಲಿಸಿದ್ದಳೆಂದರೆ, ಅಲ್ಲಿಂದ ಇಳಿಯಲು ಬೆಂಚೂ ಇರಲಿಲ್ಲ. ಅಂದಪ್ಪನವರು ಯೋಚಿಸಿದರು. ತಾವರಗೇರಾದಲ್ಲಿ ಯಾರೂ ಇಲ್ಲ. ಕುಷ್ಟಗಿಯ ಬಜಾರಿನಲ್ಲಿಯೂ ಈಗ ಅವರನ್ನು ಕಂಡರೆ ಅಂಗಡಿಯವರು ಎದ್ದು ನಿಲ್ಲುತ್ತಾರೆ. ಗಂಗಾವತಿಗೆ ಹೋಗೋಣವೆಂದರೆ ಅಲ್ಲಿನ ಅಕ್ಕಿ ವ್ಯಾಪಾರಿಯೊಬ್ಬ ಹೋದ ವಾರವಷ್ಟೇ ಬೋಣಿಗೆಂದು ಕಾರು ಕಳಿಸುತ್ತೇನೆಂದಿದ್ದ. ತಮ್ಮ ಕೈಗುಣದ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲದ ವ್ಯಾಪಾರಿ ಈ ಭೂಮಂಡಲದಲ್ಲಿ ಯಾರಿದ್ದಾರೆ?

ಹೊರಗಿನ ಕಟ್ಟೆಯ ಮೇಲೆ ಚಾಪೆ ಕೊಡವುವ ಸದ್ದು ಕೇಳಿಸಿತು.

ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪ್ರಶ್ನಾವಳಿ ಹಿಡಿದು ಅಂದಪ್ಪನವರು ಕಟ್ಟೆಯ ಮುಂದೆ ಬಂದು ನಿಂತರು. ಶಿವಲೀಲಾ ಆಗಲೇ ಕುಳಿತಿದ್ದರು. ಕಾಂಪೌಂಡಿನ ಗೋಡೆಯ ಮೇಲೆ ಗದ್ದವಿಟ್ಟು ಖೈರುನಬಿ ನೋಡುತ್ತಿದ್ದಳು.

"ಶಿವಲೀಲಾ, ಒಂದೆರಡು ಪ್ರಶ್ನಿ ಕೇಳೂದಿತ್ತು. ನಾಳಿಗೆ ಕೊಡಬೇಕು. ನೀ ಹೇಳಲಿಲ್ಲಂದ್ರ ನನ್ನ ಡಾಕ್ಟರೇಟ್ ನೀರಾಗ ಹೋಮ."

ಬೇಕಾದ ವಸ್ತುವಿನ ಮುಂದೆ ಬೇಕೆಂಬ ಮುಖ ತೋರಿಸಬಾರದು, ತೋರಿಸಿದರೆ ಬೆಲೆ ಏರುತ್ತದೆ ಎಂದು ಅಂದಪ್ಪನವರು ಪ್ರತಿ ವರ್ಷವೂ ಮೊದಲನೆಯ ವರ್ಷದ ತರಗತಿಗೆ ಹೇಳುತ್ತಾ ಬಂದಿದ್ದರು.

"ಕೇಳ್ರಿ" ಎಂದರು ಶಿವಲೀಲಾ. "ಬೋಣಿ ಆಗಲಿ."

"ನೀ ನನ್ನ ಕೈಗುಣ ನಂಬಂಗಿಲ್ಲಲ್ಲ?"

"ನಿಮ್ಮ ಕೈಗುಣ ನಂಬಂಗಿಲ್ಲ. ಬೋಣಿ ನಂಬತೀನಿ. ಎರಡೂ ಬ್ಯಾರೆ ಬ್ಯಾರೆ."

ನ್ಯಾಯವಾದ ಮಾತು. ಏನಾದರೂ ಕೊಂಡರಾಯಿತೆಂದು ಅಂದಪ್ಪನವರು ಚಾಪೆಯ ಕಡೆ ನೋಡಿದರು. ಬುಟ್ಟಿ ಇಲ್ಲ, ಮೊರ ಇಲ್ಲ, ಕಸಬರಿಗೆ ಒಂದೂ ಇಲ್ಲ. ಮೂಗುದಾರವನ್ನು ಸಹ ಯಾರೋ ಒಯ್ದಿದ್ದರು. ಅಷ್ಟಗಲ ಚಾಪೆಯ ನಟ್ಟನಡುವೆ, ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರದಂತೆ ಬೆಳಗಿದ ಒಂದೇ ಒಂದು ವಸ್ತು ಮಲಗಿತ್ತು. 'ಡಾ. ಅಂದಪ್ಪ, ವಾಣಿಜ್ಯಶಾಸ್ತ್ರ ಪ್ರಾಧ್ಯಾಪಕರು.'

"ಇದ್ಯಾಕ ಇಲ್ಲಿಟ್ಟಿ?"

"ಮೊಸರಿನ ಗಡಿಗಿ ನಿನ್ನೆ ಮಾರಿದೆ. ಮುಚ್ಚಳ ಉಳೀತು."

"ಇದು ನಂದು."

"ಅದರ ಮ್ಯಾಲ ಡಾಕ್ಟರ್ ಅಂದಪ್ಪ ಅಂತ ಐತಿ. ನೀವಿನ್ನೂ ಆಗಿಲ್ಲ. ಆದವ್ರು ಯಾರಾರ ಬಂದು ನಂದು ಅಂದ್ರ ಪುಕ್ಕಟ ಕೊಡತೀನಿ."

ಅಂದಪ್ಪನವರು ನುಂಗಿಕೊಂಡು ಬೆಲೆ ಕೇಳಿದರು. ಶಿವಲೀಲಾ, "ಎರಡು ಸಾವಿರ" ಎಂದರು.

"ಬೋಣಿ ಹೊತ್ತಿನ್ಯಾಗ ಹಂಗ ಹೇಳಬಾರದು. ಸಂತ್ಯಾಗ ಎಲ್ಲಾರೂ ನಾ ಕೇಳಿದ್ದಕ್ಕ ಕೊಡತಾರ."

"ಅವ್ರು ನಿಮ್ಮ ಕೈಗುಣ ನಂಬಿದವ್ರು."

ಅಂದಪ್ಪನವರು ಈಗ ಶಾಸ್ತ್ರಕ್ಕೆ ಕೈಹಾಕಿದರು. "ನೋಡು, ಕೊಳ್ಳೂವ ಒಬ್ಬನ ಇದ್ರ ಬೆಲಿ ತಾನ ಇಳೀತೈತಿ. ನನ್ನ ಹೆಸರಿನ ಫಲಕ ನನ್ನ ಬಿಟ್ರ ಯಾರೂ ಕೊಳ್ಳಂಗಿಲ್ಲ. ಪುಸ್ತಕದಾಗ ಐತಿ."

"ಮಾರೂ ಆಕಿನೂ ಒಬ್ಬಾಕಿನ. ಅದಕ್ಕ ಪುಸ್ತಕದಾಗ ಏನೈತಿ?"

ಪುಸ್ತಕದಲ್ಲಿ, ಅಂಥ ಸಂದರ್ಭದಲ್ಲಿ ಬೆಲೆ ಏನಾಗುತ್ತದೆಂದು ಹೇಳಲಾಗದು ಎಂದಿತ್ತು. ಕೊನೆಗೆ ಅಂದಪ್ಪನವರು ಸಂತೆಯಲ್ಲಿ ಕಲಿತ ಬ್ರಹ್ಮಾಸ್ತ್ರವನ್ನೇ ಬಿಟ್ಟರು. "ಬ್ಯಾಡ ಬಿಡು" ಎಂದು ಬೆನ್ನು ತಿರುಗಿಸಿ ಹೊರಟರು. ಹೊರಟ ಗಿರಾಕಿಯನ್ನು, ಅದೂ ಬೋಣಿಯ ಗಿರಾಕಿಯನ್ನು, ಕರೆಯದ ವ್ಯಾಪಾರಿ ಇಲ್ಲ. ಒಂದೊಂದೇ ಹೆಜ್ಜೆಯನ್ನು ತೂಗಿ ಇಡುತ್ತಾ ಗೇಟಿನವರೆಗೆ ಹೋದರು. ಗೇಟಿನ ಚಿಲಕವನ್ನು ತೆಗೆಯಲು ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಹಿಡಿಯಬಹುದೋ ಅದರ ಹತ್ತು ಪಟ್ಟು ಹೊತ್ತು ತೆಗೆದುಕೊಂಡರು. ಹಿಂದಿನಿಂದ ಸದ್ದಿಲ್ಲ.

"ಕರೀಬ್ಯಾಡ ಶಿವಲೀಲಾ" ಎಂದಳು ಗೋಡೆಯ ಮೇಲಿನ ಖೈರುನಬಿ. "ನಾಳೆ ಸೋಮವಾರ ಐತಿ. ತಾವ ಬರತಾರ."

ಅಂದಪ್ಪನವರು ಗೇಟಿನಾಚೆಯ ರಸ್ತೆಯನ್ನು ನೋಡಿದರು, ಆಕಾಶವನ್ನು ನೋಡಿದರು, ಚಿಲಕ ಹಾಕಿ ತಾವೇ ಬಂದರು. ಶರ್ಟಿನ ಜೇಬು, ಪ್ಯಾಂಟಿನ ಜೇಬು, ಪುಸ್ತಕದ ಸಂದಿಯೆಲ್ಲ ಹುಡುಕಿ ಎರಡು ಸಾವಿರ ಕೂಡಿಸಿ ಕೊಟ್ಟರು. ಶಿವಲೀಲಾ ನೋಟುಗಳನ್ನು ಕಣ್ಣಿಗೊತ್ತಿಕೊಂಡು, ಚಾಪೆಗೆ ಮುಟ್ಟಿಸಿ, ಸೊಂಟದ ಸಂಚಿಗೆ ಸೇರಿಸಿದರು. ಫಲಕವನ್ನು ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ಅವರ ಕೈಗಿಟ್ಟರು.

"ವಾಪಸ್ ತಗೊಳ್ಳಂಗಿಲ್ಲ ಮತ್ತ. ಈಗ ಕೇಳ್ರಿ."

ಅಂದಪ್ಪನವರು ಕಟ್ಟೆಯ ತುದಿಯಲ್ಲಿ ಕುಳಿತು, ತಮ್ಮ ಡಾಕ್ಟರೇಟನ್ನು ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಪ್ರಶ್ನಾವಳಿ ಹರವಿ ಪೆನ್ನು ತೆಗೆದರು.

"ಹೆಸರು?"

"ಶಿವಲೀಲಾ."

"ಮನಿ ಯಜಮಾನ್ರ ಉದ್ಯೋಗ?"

ಶಿವಲೀಲಾ ಖಾಲಿ ಚಾಪೆಯನ್ನೊಮ್ಮೆ, ಎದುರಿಗೆ ಕುಳಿತವರ ಮಡಿಲಿನ ಪೊಟ್ಟಣವನ್ನೊಮ್ಮೆ ನೋಡಿದರು.

"ಗಿರಾಕಿ" ಎಂದರು. "ಹೇಳಿದಂಗ ಬರಕೊಳ್ರಿ."

ಅಂದಪ್ಪನವರು ಬರೆದುಕೊಂಡರು.